ಮಹಾವೀರಾಚಾರ್ಯ: ನೃಪತುಂಗಯುಗದ ಗಣಿತಜ್ಞ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಕ್ರಿ.ಶ. ಒಂಬತ್ತನೆಯ ಶತಮಾನದ ಪ್ರಸ್ತಾಪ ಬಂದಾಗಲೆಲ್ಲ ‘ಕವಿರಾಜಮಾರ್ಗ’ವೇ ಚರ್ಚೆಯ ಕೇಂದ್ರವಾಗುತ್ತದೆ. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ (814-878) ಹುಟ್ಟಿದ ಆ ಲಕ್ಷಣಗ್ರಂಥದ ಕರ್ತೃತ್ವ, ಮಾರ್ಗ-ದೇಸಿ ವಿವೇಚನೆ, ನಾಡಿನ ಕಲ್ಪನೆ ಮೊದಲಾದವುಗಳ ಬಗ್ಗೆ ವಿಪುಲವಾದ ವಿಮರ್ಶೆ ಬೆಳೆದಿದೆ. ಅದೇ ಅರಸನ ಕಾಲದಲ್ಲಿ ರಚನೆಯಾದ ‘ಗಣಿತಸಾರಸಂಗ್ರಹ’ವಾದರೋ ಕನ್ನಡ ಅಧ್ಯಯನದ ಅಂಚಿನಲ್ಲಿಯೇ ಉಳಿದಿದೆ. ಅದು ಸಂಸ್ಕೃತದಲ್ಲಿರುವುದು ಇದಕ್ಕೆ ಒಂದು ಕಾರಣ; ಅದರ ವಸ್ತು ಗಣಿತವಾಗಿರುವುದು ಮತ್ತೊಂದು. ಆದರೆ ಈ ಗ್ರಂಥದ ಕರ್ತೃವಾದ ಮಹಾವೀರಾಚಾರ್ಯನನ್ನು ಬದಿಗಿರಿಸಿದರೆ ನೃಪತುಂಗಯುಗದ ಶಾಸ್ತ್ರಪ್ರಜ್ಞೆಯ ಅರ್ಧಭಾಗವನ್ನೇ ಬದಿಗಿರಿಸಿದಂತಾಗುತ್ತದೆ.

ಪ್ರಾಚೀನ ಕನ್ನಡ ಕವಿಗಳಲ್ಲಿ ಅನೇಕರು ತಮ್ಮ ಕೃತಿಗಳಲ್ಲಿ ತಂದೆತಾಯಿ, ಗುರು, ಊರು, ಬಿರುದುಗಳ ವಿವರ ನೀಡಿದ್ದಾರೆ. ಪಂಪ, ರನ್ನರ ಜೀವನಚರಿತ್ರೆಗಳು ರೂಪುಗೊಂಡಿರುವುದು ಇಂಥ ವಿವರಗಳಿಂದಲೇ. ಮಹಾವೀರಾಚಾರ್ಯನ ಕ್ರಮ ಬೇರೆ. ಗ್ರಂಥಾರಂಭದಲ್ಲಿ ಆತ ವರ್ಧಮಾನ ಜಿನನನ್ನು ಸ್ತುತಿಸಿ, ಅನಂತರ ಕೆಲವು ಪದ್ಯಗಳಲ್ಲಿ ಅಮೋಘವರ್ಷ ನೃಪತುಂಗನನ್ನು ಹೊಗಳಿ, ಕೂಡಲೇ ಗಣಿತದ ಪ್ರಶಂಸೆಗೆ ತೊಡಗುತ್ತಾನೆ. ಆತ ಜೈನನೆಂಬುದಕ್ಕೆ ಮಂಗಲಾಚರಣೆ ಸಾಕ್ಷಿ. ಗ್ರಂಥದ ಕಾಲವನ್ನು ಸುಮಾರು 850 ಎಂದು ನಿರ್ಣಯಿಸಲು ಆಧಾರವಾಗಿರುವುದು ರಾಜಸ್ತುತಿ. ಈ ಸ್ತುತಿಯಲ್ಲಿ ಅರಸನ ಯುದ್ಧವಿಜಯಗಳಿಗಿಂತ ಆತನ ಶಾಂತಿ, ಪ್ರಜಾಹಿತ, ಸ್ಯಾದ್ವಾದನಿಷ್ಠೆಗಳಿಗೆ ಪ್ರಾಧಾನ್ಯ ದೊರೆತಿರುವುದು ಗಮನಾರ್ಹ. ತನ್ನನ್ನು ಕುರಿತು ಮೌನ ವಹಿಸಿದ ಈ ವಿದ್ವಾಂಸನ ವ್ಯಕ್ತಿತ್ವವನ್ನು ಆತನ ಗ್ರಂಥದ ರಚನೆಯಲ್ಲಿ, ಉದಾಹರಣೆಗಳಲ್ಲಿ, ಆಯ್ಕೆಗಳಲ್ಲಿ ಅರಸಬೇಕಾಗುತ್ತದೆ.

ಆತ ಬಾಳಿದ ಪರಿಸರ ಅಸಾಮಾನ್ಯವಾದುದು. ಇಂದಿನ ಕಲಬುರಗಿ ಜಿಲ್ಲೆಯಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ಅಂದಿನ ರಾಷ್ಟ್ರಕೂಟ ರಾಜಧಾನಿ ಮಾನ್ಯಖೇಟ. ವೀರಸೇನನು ಆರಂಭಿಸಿದ ‘ಜಯಧವಳಾ’ ಟೀಕೆಯನ್ನು ಅವನ ಶಿಷ್ಯ ಜಿನಸೇನನು 837ರಲ್ಲಿ ಪೂರ್ಣಗೊಳಿಸಿದನು. ಆ ಜಿನಸೇನನನ್ನು ಅಮೋಘವರ್ಷನು ಗುರುವೆಂದು ಗೌರವಿಸಿದನು. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ಅರಸನ ಹೆಸರಿನಿಂದ ‘ಅಮೋಘವೃತ್ತಿ’ ಎಂದು ಹೆಸರಿಟ್ಟನು. ಉಗ್ರಾದಿತ್ಯನ ‘ಕಲ್ಯಾಣಕಾರಕ’ ವೈದ್ಯಗ್ರಂಥವೂ ಇದೇ ಪರಂಪರೆಗೆ ಸೇರುತ್ತದೆ. ವ್ಯಾಕರಣ, ವೈದ್ಯ, ಸಿದ್ಧಾಂತ, ಅಲಂಕಾರಗಳು ಒಂದೇ ತಲೆಮಾರಿನ ಆಸುಪಾಸಿನಲ್ಲಿ ಶಾಸ್ತ್ರರೂಪ ಪಡೆಯುತ್ತಿದ್ದಾಗ ಗಣಿತಕ್ಕೂ ಅಂಥದೊಂದು ಗ್ರಂಥ ದೊರೆತದ್ದು ಸಹಜವಾಗಿಯೇ ಇದೆ. ಲೋಕದ ದ್ವೀಪ, ಸಾಗರ, ಪರ್ವತಗಳ ಪ್ರಮಾಣವನ್ನು ಲೆಕ್ಕಹಾಕುವ ಜೈನ ಲೋಕವರ್ಣನೆಯು ಬಹುದೊಡ್ಡ ಸಂಖ್ಯೆಗಳ ಅಭ್ಯಾಸವನ್ನು ಮೊದಲೇ ಬೆಳೆಸಿತ್ತು. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳ ಹೆಸರುಗಳನ್ನು ಮಹಾವೀರಾಚಾರ್ಯನು ಪಟ್ಟಿಮಾಡಿರುವುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು.

ಆರ್ಯಭಟ (499), ಬ್ರಹ್ಮಗುಪ್ತ (628) ಇವರ ಗ್ರಂಥಗಳಲ್ಲಿ ಗಣಿತವು ಖಗೋಳಶಾಸ್ತ್ರದ ಅಂಗವಾಗಿ ಕೆಲವು ಅಧ್ಯಾಯಗಳಲ್ಲಿ ಬರುತ್ತದೆ. ಮಹಾವೀರಾಚಾರ್ಯನ ಗ್ರಂಥದ ಒಂಬತ್ತು ಅಧ್ಯಾಯಗಳೂ, ಸಾವಿರದ ನೂರಕ್ಕೂ ಮಿಕ್ಕ ಪದ್ಯಗಳೂ ಗಣಿತಕ್ಕೇ ಮೀಸಲು. ಸಂಜ್ಞಾಧಿಕಾರದಲ್ಲಿ ಭೂಮಿ, ಕಾಲ, ಧಾನ್ಯ, ಚಿನ್ನ, ಬೆಳ್ಳಿ, ಲೋಹಗಳ ಅಳತೆಗಳು ನಿರೂಪಿತವಾಗಿವೆ. ಮುಂದೆ ಪರಿಕರ್ಮ, ಕಲಾಸವರ್ಣ ಅಥವಾ ಭಿನ್ನರಾಶಿ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯಾ ಎಂಬ ಎಂಟು ವ್ಯವಹಾರಗಳು ಬರುತ್ತವೆ. ಬಡ್ಡಿ, ಪಾಲುದಾರಿಕೆ, ಚಿನ್ನದ ಬಣ್ಣದ ಲೆಕ್ಕ, ಗುಂಡಿ ತೋಡುವ ಕೆಲಸ, ಇಟ್ಟಿಗೆಯ ಎಣಿಕೆ, ಮರ ಕೊಯ್ಯುವ ಕೂಲಿ ಇವೆಲ್ಲಕ್ಕೂ ಇಲ್ಲಿ ಸ್ಥಾನವಿದೆ. ಪ್ರಾಚೀನರ ಜ್ಞಾನಸಾಗರದಿಂದ ಸಾರವನ್ನಷ್ಟೇ ಎತ್ತಿಕೊಟ್ಟಿರುವುದಾಗಿ ಗ್ರಂಥಕಾರನೇ ಹೇಳಿಕೊಂಡಿದ್ದಾನೆ. ಶೀರ್ಷಿಕೆಯಲ್ಲಿರುವ ‘ಸಂಗ್ರಹ’ ಎಂಬ ಪದ ಆ ವಿನಯವನ್ನೇ ಸೂಚಿಸುತ್ತದೆ.

ಆದರೆ ಗ್ರಂಥವು ಕೇವಲ ಸಂಗ್ರಹವಾಗಿ ಉಳಿದಿಲ್ಲ. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ ಎಂಬ ಹೆಸರಿನಿಂದ ಗುರುತಿಸಿ ಭಿನ್ನರಾಶಿಗಳ ಸಂಕಲನವನ್ನು ಆತ ಸುಲಭಗೊಳಿಸಿದ್ದಾನೆ. ಒಂದನ್ನು ಅಂಶ ಒಂದೇ ಆಗಿರುವ ಭಿನ್ನರಾಶಿಗಳ ಮೊತ್ತವಾಗಿ ಒಡೆಯುವ ಕ್ರಮವನ್ನೂ ಹೇಳಿದ್ದಾನೆ. ನಾಲ್ಕು ಭಾಗಗಳಾಗಿ ಒಡೆದರೆ 1/2, 1/3, 1/9, 1/18 ದೊರೆಯುತ್ತವೆ. ಇವುಗಳ ಮೊತ್ತ ಸರಿಯಾಗಿ ಒಂದು. ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬ ಆತನ ನಿರೂಪಣೆ, ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಬಹು ಪ್ರಾಚೀನ ಉಲ್ಲೇಖಗಳಲ್ಲಿ ಒಂದು. ಆಯತವೃತ್ತ, ಎಂದರೆ ದೀರ್ಘವೃತ್ತದ ಪರಿಧಿಗೂ ಕ್ಷೇತ್ರಫಲಕ್ಕೂ ಆತ ಸ್ಥೂಲ ಸೂತ್ರಗಳನ್ನು ನೀಡಿದ್ದಾನೆ.

ಈ ಸಾಧನೆಗಳ ಜೊತೆಗೆ ಆತನ ಮಿತಿಗಳನ್ನೂ ಗುರುತಿಸುವುದು ಅಗತ್ಯ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂಬ ಆತನ ಹೇಳಿಕೆ ತಪ್ಪು. ಮೂರು ಶತಮಾನಗಳ ಅನಂತರ ಎರಡನೆಯ ಭಾಸ್ಕರನು ಅಂಥ ರಾಶಿಯನ್ನು ‘ಖಹರ’ವೆಂದು ಕರೆದು ಅನಂತದ ಕಲ್ಪನೆಗೆ ಸಮೀಪ ತಂದನು. ಗೋಲದ ಘನಫಲಕ್ಕೆ ಮಹಾವೀರಾಚಾರ್ಯ ಕೊಟ್ಟ ಸೂಕ್ಷ್ಮ ಸೂತ್ರವು ತ್ರಿಜ್ಯದ ಘನದ 4.05 ಪಟ್ಟು ಬರುತ್ತದೆ. ನಿಜವಾದ ಬೆಲೆ ಸುಮಾರು 4.19 ಪಟ್ಟು. ಆದರೂ ಪರಿಧಿ, ಕ್ಷೇತ್ರಫಲ, ಘನಫಲಗಳಲ್ಲಿ ವ್ಯವಹಾರಕ್ಕೆ ಸಾಕಾಗುವ ಫಲವನ್ನೂ ಸೂಕ್ಷ್ಮ ಫಲವನ್ನೂ ಆತ ಬೇರೆಬೇರೆಯಾಗಿ ಹೇಳಿರುವುದರಿಂದ, ಲೆಕ್ಕದ ನಿಖರತೆಯಲ್ಲಿ ಹಂತಗಳಿವೆ ಎಂಬ ಅರಿವು ಆತನಿಗಿತ್ತೆಂಬುದು ಸ್ಪಷ್ಟ.

ಸಾಹಿತ್ಯದ ವಿದ್ಯಾರ್ಥಿಗೆ ಹೆಚ್ಚು ಆಪ್ತವಾಗುವುದು ಆತನ ಉದಾಹರಣೆಗಳು. ಪ್ರಕೀರ್ಣಕದ ಒಂದು ಸಮಸ್ಯೆಯಲ್ಲಿ ಪ್ರಣಯಕಲಹದಲ್ಲಿ ಹರಿದ ಮುತ್ತಿನ ಹಾರದ ವರ್ಣನೆಯಿದೆ. ಮುತ್ತುಗಳ ಮೂರನೆಯ ಒಂದು ಭಾಗ ದಾಸಿಯ ಬಳಿಗೆ ಸೇರುತ್ತದೆ; ಆರನೆಯ ಒಂದು ಭಾಗ ಹಾಸಿಗೆಯ ಮೇಲೆ ಬೀಳುತ್ತದೆ; ಉಳಿದುದರ ಅರ್ಧ, ಮತ್ತೆ ಉಳಿದುದರ ಅರ್ಧ, ಹೀಗೆ ಆರು ಸಲ ಸುತ್ತಲೂ ಚದುರುತ್ತವೆ; ಕೊನೆಗೆ ದಾರದಲ್ಲಿ 1161 ಮುತ್ತುಗಳು ಉಳಿಯುತ್ತವೆ. ಹಾರದಲ್ಲಿದ್ದ ಒಟ್ಟು ಮುತ್ತುಗಳು 148608. ಶೃಂಗಾರದ ಸನ್ನಿವೇಶವು ಭಿನ್ನರಾಶಿಯ ಪಾಠವಾಗುವ ಈ ಬಗೆ, ಶಾಸ್ತ್ರ ಮತ್ತು ಕಾವ್ಯಗಳ ನಡುವೆ ಅಂದು ಇಂದಿನಷ್ಟು ಅಂತರವಿರಲಿಲ್ಲ ಎಂಬುದನ್ನು ತೋರಿಸುತ್ತದೆ. ಗುಣಾಕಾರದ ಉದಾಹರಣೆಗಳಲ್ಲಿಯೂ ಇದೇ ಸೌಂದರ್ಯದೃಷ್ಟಿ ಕಾಣುತ್ತದೆ. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321. ಎರಡು ಕಡೆಯಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಇಂಥ ಲಬ್ಧಗಳನ್ನು ಆತ ಕೊರಳ ಹಾರಗಳೆಂಬಂತೆ ಕಂಡಿದ್ದಾನೆ.

ಛಂದಸ್ಸಿನೊಡನೆ ಆತನಿಗಿರುವ ಸಂಬಂಧ ಇನ್ನೂ ಗಾಢವಾದುದು. ಗಣಿತದ ಪ್ರಯೋಜನವನ್ನು ಹೇಳುವಾಗ ಆತ ಗ್ರಹಗತಿ, ಗ್ರಹಣಗಳ ಜೊತೆಗೆ ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣಗಳನ್ನೂ ಸೇರಿಸುತ್ತಾನೆ. ಇದು ಬರಿಯ ಹೊಗಳಿಕೆಯಲ್ಲ. ಮಿಶ್ರಕ ವ್ಯವಹಾರದಲ್ಲಿ ಗುರುಲಘುಗಳ ಪ್ರಸ್ತಾರವನ್ನು ಗಣಿತದ ವಿಷಯವಾಗಿಯೇ ಆತ ನಿರೂಪಿಸಿದ್ದಾನೆ. ಅದೇ ಅಧ್ಯಾಯದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆಯ್ದುಕೊಳ್ಳುವ ಬಗೆಗಳ ಸಾಮಾನ್ಯ ಸೂತ್ರವೂ ಇದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರೂ ಕೂಡುವವರೆಗೆ ಸೇರಿಸಿದರೆ ಕ್ರಮವಾಗಿ 6, 15, 20, 15, 6, 1 ಬಗೆಗಳು, ಒಟ್ಟು 63 ಬಗೆಗಳು ದೊರೆಯುತ್ತವೆ. ಅಡುಗೆಗೂ ಪದ್ಯರಚನೆಗೂ ಅನ್ವಯಿಸುವ ನಿಯಮ ಒಂದೇ ಎಂಬ ಈ ಕಾಣ್ಕೆಯೇ ಆತನ ಗಣಿತದೃಷ್ಟಿಯ ತಿರುಳು. ಕನ್ನಡ ಛಂದಸ್ಸಿನ ಪ್ರಸ್ತಾರ ವಿಚಾರವನ್ನು ಅಭ್ಯಸಿಸುವವರಿಗೆ ಈ ಭಾಗ ಉಪಯುಕ್ತವಾದ ಹಿನ್ನೆಲೆಯನ್ನು ಒದಗಿಸುತ್ತದೆ.

ಗ್ರಂಥದ ಮುಂದಿನ ಬದುಕು ದಕ್ಷಿಣದ ದೇಶಭಾಷೆಗಳೊಡನೆ ಹೆಣೆದುಕೊಂಡಿದೆ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ತೆಲುಗಿನ ಶಾಸ್ತ್ರಸಾಹಿತ್ಯ ಆರಂಭವಾಗುವುದೇ ಅಂಥ ಕೃತಿಗಳಿಂದ. ವಲ್ಲಭನೆಂಬ ವಿದ್ವಾಂಸ ಕನ್ನಡದಲ್ಲಿ ವ್ಯಾಖ್ಯಾನ ಬರೆದನು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳ ಮೂಲಕ ಕನ್ನಡದಲ್ಲಿಯೇ ಗಣಿತವನ್ನು ಪದ್ಯಕ್ಕೆ ಇಳಿಸಿದನು. ಆತನ ಕೃತಿಗಳ ಹೆಸರುಗಳೇ ಮಹಾವೀರಾಚಾರ್ಯನ ಅಧ್ಯಾಯವಿಭಾಗವನ್ನು ನೆನಪಿಗೆ ತರುತ್ತವೆ. ಹೀಗೆ ಸಂಸ್ಕೃತ ಗ್ರಂಥವೊಂದು ದೇಶಭಾಷೆಗಳ ಶಾಸ್ತ್ರಪರಿಭಾಷೆಗೆ ತಳಹದಿಯಾಯಿತು.

ಮೂಲಪಾಠವನ್ನು ಉಳಿಸಿಕೊಂಡು ಬಂದುದರಲ್ಲಿಯೂ ಕನ್ನಡದ ಪಾತ್ರ ದೊಡ್ಡದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಪ್ರತಿಗಳಲ್ಲಿ ಕನ್ನಡ ಲಿಪಿಯವು ಮುಖ್ಯವಾದವು. ಮೈಸೂರು ಮತ್ತು ಮೂಡುಬಿದಿರೆಯ ಆಕರಗಳು ಅವರಿಗೆ ನೆರವಾದವು. ಅಮೆರಿಕದ ಗಣಿತೇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ 1908ರಲ್ಲಿಯೇ ರೋಮ್ ನಗರದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಈ ಗ್ರಂಥವನ್ನು ಪರಿಚಯಿಸಿದ್ದರು. ಮುದ್ರಿತ ಆವೃತ್ತಿಗೂ ಅವರೇ ಪ್ರಸ್ತಾವನೆ ಬರೆದರು. 1963ರಲ್ಲಿ ಎಲ್. ಸಿ. ಜೈನ್ ಅವರ ಹಿಂದಿ ಅನುವಾದ ಸೊಲ್ಲಾಪುರದಿಂದ ಹೊರಬಂದಿತು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಕನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಗ್ರಂಥವು ಆಧುನಿಕ ಕನ್ನಡದ ಓದುಗರನ್ನು ತಲುಪಿದ್ದು ಮೊದಲ ಮುದ್ರಣದ 88 ವರ್ಷಗಳ ಅನಂತರ.

ಒಟ್ಟಿನಲ್ಲಿ ‘ಕವಿರಾಜಮಾರ್ಗ’ ಮತ್ತು ‘ಗಣಿತಸಾರಸಂಗ್ರಹ’ಗಳು ಒಂದೇ ಯುಗದ ಎರಡು ಮುಖಗಳು. ಪೂರ್ವಸೂರಿಗಳನ್ನು ಸ್ಮರಿಸಿ, ಚದುರಿದ ತಿಳಿವಳಿಕೆಯನ್ನು ಒಂದು ವ್ಯವಸ್ಥೆಗೆ ತಂದು, ಲಕ್ಷಣವನ್ನು ಲಕ್ಷ್ಯದ ಮೂಲಕ ವಿವರಿಸಿ, ಕಲಿಯುವವನ ಕೈಗೆ ಕೊಡುವ ವಿಧಾನ ಎರಡರಲ್ಲಿಯೂ ಸಮಾನ. ಒಂದು ನಾಡಿನ ನುಡಿಯನ್ನು ಶಾಸ್ತ್ರಕ್ಕೆ ಒಳಪಡಿಸಿದರೆ, ಇನ್ನೊಂದು ನಾಡಿನ ನಿತ್ಯವ್ಯವಹಾರವನ್ನು ಶಾಸ್ತ್ರಕ್ಕೆ ಒಳಪಡಿಸಿತು. ವಲ್ಲಭನ ವ್ಯಾಖ್ಯಾನ, ರಾಜಾದಿತ್ಯನ ಕೃತಿಗಳು ಮತ್ತು ಶಾಸನಗಳಲ್ಲಿರುವ ಅಳತೆಯ ಪದಗಳನ್ನು ಈ ಗ್ರಂಥದ ಸಂಜ್ಞಾಧಿಕಾರದೊಡನೆ ಹೋಲಿಸಿ ನೋಡಿದರೆ ಕನ್ನಡ ಶಾಸ್ತ್ರಪರಿಭಾಷೆಯ ಬೆಳವಣಿಗೆ ಸ್ಪಷ್ಟವಾಗುತ್ತದೆ. ಈ ಕಾರ್ಯ ಗಣಿತ ವಿಭಾಗಗಳಿಗೆ ಎಷ್ಟು ಸೇರಿದುದೋ ಕನ್ನಡ ವಿಭಾಗಗಳಿಗೂ ಅಷ್ಟೇ ಸೇರಿದುದು.