ಇಬ್ನ್ ಅಲ್-ನಫೀಸ್: ಹೃದಯದ ನಡುಗೋಡೆಯಲ್ಲಿ ದಾರಿಯಿಲ್ಲ ಎಂದ ವೈದ್ಯರು

ರಕ್ತ ಪರಿಚಲನೆ ಎಂದ ಕೂಡಲೇ ವಿಜ್ಞಾನ ವಿಭಾಗದ ನಮಗೆಲ್ಲ ನೆನಪಾಗುವುದು ಇಂಗ್ಲೆಂಡಿನ ವಿಲಿಯಂ ಹಾರ್ವೆ ಅವರ ಹೆಸರು. 1628ರಲ್ಲಿ ಪ್ರಕಟವಾದ ಅವರ ಗ್ರಂಥ ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಹೃದಯದ ಬಲಭಾಗದ ರಕ್ತವು ಶ್ವಾಸಕೋಶಗಳ ಮೂಲಕವೇ ಎಡಭಾಗಕ್ಕೆ ಬರುತ್ತದೆ ಎಂಬುದು ಆ ಗ್ರಂಥದ ಒಂದು ಮುಖ್ಯ ಅಂಶ. ಇದನ್ನು ಹಾರ್ವೆಗಿಂತ ಸುಮಾರು ನಾಲ್ಕು ಶತಮಾನ ಮೊದಲು ಕೈರೋದಲ್ಲಿ ಕುಳಿತು ಬರೆದಿಟ್ಟವರು ಇಬ್ನ್ ಅಲ್-ನಫೀಸ್. ಅವರ ಬಗ್ಗೆ ಓದುತ್ತಾ ಹೋದಂತೆ, ಅವರ ಸಂಶೋಧನೆಯಷ್ಟೇ ಆ ಸಂಶೋಧನೆ ಮರೆಯಾದ ಬಗೆಯೂ ನನ್ನನ್ನು ಕಾಡಿತು. ಎರಡನ್ನೂ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಅವರ ಪೂರ್ಣ ಹೆಸರು ಅಲಾವುದ್ದೀನ್ ಅಲಿ ಇಬ್ನ್ ಅಬೀ ಹಝ್ಮ್ ಅಲ್-ಕುರಶಿ. ಹುಟ್ಟಿದ್ದು ಸುಮಾರು 1213ರಲ್ಲಿ, ಸಿರಿಯಾದ ಡಮಾಸ್ಕಸ್ ಬಳಿ. ಆ ಕಾಲದಲ್ಲಿ ಆಸ್ಪತ್ರೆಗೆ ಬೀಮಾರಿಸ್ತಾನ್ ಎನ್ನುತ್ತಿದ್ದರು. ಉರ್ದು ಬಲ್ಲವರಿಗೆ ಈ ಪದದ ಅರ್ಥ ಹೇಳಬೇಕಾಗಿಲ್ಲ. ಡಮಾಸ್ಕಸ್‌ನಲ್ಲಿ ನೂರುದ್ದೀನ್ ಝಂಗಿ 1154ರಲ್ಲಿ ಕಟ್ಟಿಸಿದ ನೂರಿ ಬೀಮಾರಿಸ್ತಾನ್ ಆಸ್ಪತ್ರೆಯೂ ಹೌದು, ವೈದ್ಯಕೀಯ ಕಾಲೇಜೂ ಹೌದು. ಹೆಸರಾಂತ ವೈದ್ಯ ಅದ್-ದಖ್ವಾರ್ ಅವರ ಶಿಷ್ಯರಾಗಿ ಇಬ್ನ್ ಅಲ್-ನಫೀಸ್ ಅಲ್ಲಿ ಕಲಿತರು. ಆ ಕಟ್ಟಡ ಬಹುಕಾಲ ಉಳಿದು, ಈಚೆಗೆ ವೈದ್ಯಕೀಯ ಮತ್ತು ವಿಜ್ಞಾನ ವಸ್ತುಸಂಗ್ರಹಾಲಯವಾಗಿದೆ.

ಮುಂದೆ ಅವರು ಈಜಿಪ್ಟಿನ ಕೈರೋಗೆ ಹೋಗಿ ನೆಲೆಸಿದರು. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿದರು, ಶಿಷ್ಯರಿಗೆ ಪಾಠ ಹೇಳಿದರು, ಸುಲ್ತಾನ್ ಬೈಬರ್ಸ್ ಅವರ ವೈದ್ಯರಾದರು. ಇಷ್ಟೇ ಆಗಿದ್ದರೆ ಅವರು ಆ ಕಾಲದ ಹಲವು ದೊಡ್ಡ ವೈದ್ಯರಲ್ಲಿ ಒಬ್ಬರಾಗಿರುತ್ತಿದ್ದರು. ಆದರೆ ಅವರು ಫಿಕ್ಹ್ ವಿದ್ವಾಂಸರೂ ಆಗಿದ್ದರು. ಕೈರೋದ ಮಸ್ರೂರಿಯ ಮದರಸದಲ್ಲಿ ಶಾಫಿಈ ಮದ್‌ಹಬ್‌ನ ಪಾಠ ಮಾಡುತ್ತಿದ್ದರು. ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ನವಾಯತರು ಅನುಸರಿಸುವುದೂ ಇದೇ ಮದ್‌ಹಬ್. ಹದೀಸ್, ವ್ಯಾಕರಣ, ತರ್ಕಶಾಸ್ತ್ರಗಳ ಮೇಲೂ ಅವರು ಬರೆದಿದ್ದಾರೆ. ದೀನಿನ ವಿದ್ಯೆ ಬೇರೆ, ದುನಿಯಾದ ವಿದ್ಯೆ ಬೇರೆ ಎಂದು ನಾವು ಎಳೆಯುವ ಗೆರೆ ಅವರ ದಿನಚರಿಯಲ್ಲಿ ಕಾಣುವುದಿಲ್ಲ.

ಅವರು ಬರೆಯುತ್ತಿದ್ದ ರೀತಿಯ ಬಗ್ಗೆ ಹಳೆಯ ಚರಿತ್ರೆಕಾರರು ಸ್ವಾರಸ್ಯದ ವಿವರ ಕೊಟ್ಟಿದ್ದಾರೆ. ಶಿಷ್ಯರು ಲೇಖನಿಗಳನ್ನು ಚೂಪು ಮಾಡಿ ಮುಂದಿಡುತ್ತಿದ್ದರಂತೆ. ಅವರು ಗೋಡೆಯ ಕಡೆ ಮುಖ ಮಾಡಿ, ಯಾವ ಪುಸ್ತಕವನ್ನೂ ತೆರೆಯದೆ ನೆನಪಿನಿಂದಲೇ ಬರೆಯುತ್ತಿದ್ದರಂತೆ. ಒಂದು ಲೇಖನಿ ಮೊಂಡಾದರೆ ಅದನ್ನು ಎಸೆದು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರಂತೆ. ಒಮ್ಮೆ ಸ್ನಾನಗೃಹದಲ್ಲಿದ್ದಾಗ ಏನೋ ಹೊಳೆದು, ಅರ್ಧ ಸ್ನಾನದಲ್ಲೇ ಹೊರಬಂದು, ಮಸಿ ಕಾಗದ ತರಿಸಿ ನಾಡಿಯ ಬಗ್ಗೆ ಒಂದು ಪ್ರಬಂಧ ಬರೆದು ಮುಗಿಸಿ, ಆಮೇಲೆ ಸ್ನಾನಕ್ಕೆ ಮರಳಿದರು ಎಂಬ ಕಥೆಯೂ ಇದೆ.

ಈಗ ಹೃದಯದ ವಿಷಯಕ್ಕೆ ಬರೋಣ. ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲನ್ ಅವರ ಮಾತೇ ಆಗ ವೈದ್ಯಶಾಸ್ತ್ರದಲ್ಲಿ ಕೊನೆಯ ಮಾತು. ಹೃದಯದ ಬಲ ಮತ್ತು ಎಡ ಕುಕ್ಷಿಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ, ಆ ಮೂಲಕ ರಕ್ತ ಬಲದಿಂದ ಎಡಕ್ಕೆ ಜಿನುಗುತ್ತದೆ ಎಂಬುದು ಗೇಲನ್ ಅವರ ವಾದ. ಮಹಾನ್ ವೈದ್ಯ ಇಬ್ನ್ ಸೀನಾ ಅವರೂ ತಮ್ಮ ಪ್ರಸಿದ್ಧ ಗ್ರಂಥ ಅಲ್-ಕಾನೂನ್‌ನಲ್ಲಿ ಇದನ್ನು ಒಪ್ಪಿದ್ದರು. ಅಷ್ಟೇ ಅಲ್ಲ, ಹೃದಯದಲ್ಲಿ ಮೂರು ಕುಕ್ಷಿಗಳಿವೆ ಎಂದೂ ಹೇಳಿದ್ದರು. ಸಾವಿರ ವರ್ಷ ನಂಬಿಕೊಂಡು ಬಂದ ಮಾತು ಇದು.

ಇಬ್ನ್ ಅಲ್-ನಫೀಸ್ ಕಾನೂನ್‌ನ ಅಂಗರಚನಾ ಭಾಗಕ್ಕೆ ಒಂದು ಭಾಷ್ಯ ಬರೆದರು. 1242ರ ಹೊತ್ತಿಗೆ, ಅಂದರೆ ಅವರಿಗೆ ಮೂವತ್ತು ವರ್ಷ ತುಂಬುವ ಆಸುಪಾಸಿನಲ್ಲಿ, ಅದು ಸಿದ್ಧವಾಗಿತ್ತು. ಹೃದಯದಲ್ಲಿರುವುದು ಎರಡೇ ಕುಕ್ಷಿಗಳು ಎಂದು ಅವರು ಬರೆದರು. ನಡುವಿನ ಗೋಡೆ ದಪ್ಪವಾಗಿದೆ, ಅದರಲ್ಲಿ ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ ಎಂದರು. ಹಾಗಾದರೆ ರಕ್ತ ಎಡಕ್ಕೆ ಹೋಗುವುದು ಹೇಗೆ? ಬಲ ಕುಕ್ಷಿಯಿಂದ ಪುಪ್ಪುಸ ಅಪಧಮನಿಯ ಮೂಲಕ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಂದಿಗೆ ಬೆರೆತು, ಪುಪ್ಪುಸ ಅಭಿಧಮನಿಯ ಮೂಲಕ ಎಡಭಾಗಕ್ಕೆ ಬರಬೇಕು ಎಂದು ತರ್ಕಿಸಿದರು. ಶ್ವಾಸಕೋಶದಲ್ಲಿ ಈ ಎರಡು ನಾಳಗಳ ನಡುವೆ ಸೂಕ್ಷ್ಮ ದಾರಿಗಳಿರಬೇಕು ಎಂದೂ ಹೇಳಿದರು. ಮಾಲ್ಪಿಘಿ ಎಂಬ ಇಟಲಿಯ ವಿಜ್ಞಾನಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಲೋಮನಾಳಗಳನ್ನು ಕಂಡದ್ದು 1661ರಲ್ಲಿ. ಹೃದಯದ ಸ್ನಾಯುವಿಗೆ ಪೋಷಣೆ ಸಿಗುವುದು ಅದರ ಮೈಯಲ್ಲೇ ಹರಡಿರುವ ನಾಳಗಳಿಂದ ಎಂಬುದನ್ನೂ ಅವರು ಬರೆದಿದ್ದಾರೆ.

ಧರ್ಮದ ಕಟ್ಟಳೆ ಮತ್ತು ತಮ್ಮ ಮನಸ್ಸಿನ ಕರುಣೆ, ಇವೆರಡೂ ತಮ್ಮನ್ನು ಅಂಗಛೇದನದಿಂದ ದೂರ ಇಟ್ಟವು ಎಂದು ಅದೇ ಗ್ರಂಥದ ಆರಂಭದಲ್ಲಿ ಅವರು ತಿಳಿಸಿದ್ದಾರೆ. ಹಾಗಿದ್ದರೆ ಆ ಗೋಡೆಯ ಬಗ್ಗೆ ಇಷ್ಟು ಖಚಿತವಾಗಿ ಹೇಗೆ ಬರೆದರು ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ನಡೆದಿದೆ. ಅವರ ತಿಳಿವಳಿಕೆಗೆ ಮಿತಿಯೂ ಇತ್ತು. ರಕ್ತ ಇಡೀ ದೇಹವನ್ನು ಸುತ್ತಿ ಮತ್ತೆ ಹೃದಯಕ್ಕೆ ಬರುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ಅದರ ಕೀರ್ತಿ ಹಾರ್ವೆ ಅವರಿಗೇ ಸಲ್ಲಬೇಕು.

ಅವರ ಮಾತು ಎಷ್ಟು ಸರಿ ಎಂಬುದನ್ನು ಇಂದು ಎಂಆರ್‌ಐ ಯಂತ್ರ ತೋರಿಸುತ್ತದೆ. ಹೃದಯವನ್ನು ಕೊಯ್ಯದೆ, ಅದು ಬಡಿಯುತ್ತಿರುವಾಗಲೇ ಕಾಂತಕ್ಷೇತ್ರದ ಸಹಾಯದಿಂದ ಅದರ ಚಿತ್ರ ತೆಗೆಯಬಹುದು. ಪುಪ್ಪುಸ ಅಪಧಮನಿಯಲ್ಲೂ ಮಹಾಪಧಮನಿಯಲ್ಲೂ ಹರಿಯುವ ರಕ್ತವನ್ನು ಅಳೆಯಬಹುದು. ಆರೋಗ್ಯವಂತರಲ್ಲಿ ಎರಡೂ ಹೆಚ್ಚುಕಡಿಮೆ ಸಮ, ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್. ಬಲದಿಂದ ಹೊರಟದ್ದೆಲ್ಲ ಶ್ವಾಸಕೋಶ ಸುತ್ತಿಯೇ ಎಡಕ್ಕೆ ಬಂದಿದೆ ಎಂದು ಇದರ ಅರ್ಥ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಹೃದಯದಲ್ಲಿ ರಂಧ್ರ ಇರುತ್ತದೆ ಎಂದು ನಾವು ಕೇಳುತ್ತೇವಲ್ಲ, ಅಂಥವರಲ್ಲಿ ಈ ಲೆಕ್ಕ ತಪ್ಪುತ್ತದೆ. ಗೇಲನ್ ಸಹಜ ಎಂದುಕೊಂಡಿದ್ದ ದಾರಿ ನಿಜಕ್ಕೂ ಒಂದು ಕಾಯಿಲೆ.

ಇಷ್ಟು ದೊಡ್ಡ ವಿಷಯ ಮರೆಯಾದದ್ದು ಹೇಗೆ? ಇಬ್ನ್ ಅಲ್-ನಫೀಸ್ ಅವರ ಪುಸ್ತಕಗಳಲ್ಲಿ ಅತಿ ಹೆಚ್ಚು ಜನಪ್ರಿಯವಾದದ್ದು ಅಲ್-ಮೂಜಝ್. ಇದು ಕಾನೂನ್‌ನ ಸಾರಸಂಗ್ರಹ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಗೈಡ್. ಶತಮಾನಗಳ ಕಾಲ ವೈದ್ಯ ವಿದ್ಯಾರ್ಥಿಗಳು ಇದನ್ನೇ ಓದಿದರು. ಭಾರತದ ಯುನಾನಿ ಪಾಠಶಾಲೆಗಳಲ್ಲೂ ಇದಕ್ಕೆ ಬಹಳ ಬೇಡಿಕೆ ಇತ್ತು. ಆದರೆ ಅಂಗರಚನೆಯ ಭಾಗವನ್ನು ಇದರಲ್ಲಿ ಬಿಡಲಾಗಿತ್ತು. ಹೃದಯದ ಆ ಮಾತು ಇದ್ದದ್ದು ದೊಡ್ಡ ಭಾಷ್ಯದಲ್ಲಿ. ನಂತರದ ಒಂದಿಬ್ಬರು ಭಾಷ್ಯಕಾರರು ಅದನ್ನು ಪ್ರಸ್ತಾಪಿಸಿದರೂ ಹೆಚ್ಚಿನವರು ಅತ್ತ ನೋಡಲಿಲ್ಲ. ಕೊನೆಗೆ 1924ರಲ್ಲಿ ಮುಹ್ಯಿದ್ದೀನ್ ಅತ್-ತತಾವಿ ಎಂಬ ಈಜಿಪ್ಟಿನ ಯುವ ವೈದ್ಯರು ಜರ್ಮನಿಯ ಫ್ರೈಬರ್ಗ್‌ನಲ್ಲಿ ಓದುತ್ತಿದ್ದಾಗ, ಬರ್ಲಿನ್ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಕೂತು ಓದಿದರು. ಅದರ ಮೇಲೆಯೇ ತಮ್ಮ ಪ್ರಬಂಧ ಬರೆದರು. ಕೈರೋದಲ್ಲಿದ್ದ ಜರ್ಮನ್ ನೇತ್ರವೈದ್ಯ ಮ್ಯಾಕ್ಸ್ ಮೇಯರ್‌ಹೋಫ್ ಅದನ್ನು ಜಗತ್ತಿಗೆ ತಿಳಿಸಿದರು.

ಇಬ್ನ್ ಅಲ್-ನಫೀಸ್ ತೀರಿಕೊಂಡದ್ದು 1288ರ ಡಿಸೆಂಬರ್ 17ರಂದು, ಕೈರೋದಲ್ಲಿ. ಕೊನೆಯ ಕಾಯಿಲೆಯಲ್ಲಿ ಔಷಧಿಯಾಗಿ ಮದ್ಯ ಕುಡಿಯಲು ಇತರ ವೈದ್ಯರು ಸೂಚಿಸಿದಾಗ, ಅದು ದೇಹದಲ್ಲಿರುವಾಗ ಅಲ್ಲಾಹನನ್ನು ಭೇಟಿಯಾಗಲಾರೆ ಎಂದು ನಿರಾಕರಿಸಿದರು ಎನ್ನುತ್ತಾರೆ. ತಮ್ಮ ಮನೆಯನ್ನೂ ಪುಸ್ತಕಗಳನ್ನೂ ಸುಲ್ತಾನ್ ಕಲಾವೂನ್ ಕಟ್ಟಿಸಿದ ಮನ್ಸೂರಿ ಆಸ್ಪತ್ರೆಗೆ ದಾನವಾಗಿ ಬಿಟ್ಟುಹೋದರು. ಅಶ್-ಶಾಮಿಲ್ ಎಂಬ ವೈದ್ಯಕೀಯ ವಿಶ್ವಕೋಶವನ್ನು 300 ಸಂಪುಟಗಳಲ್ಲಿ ಬರೆಯುವ ಯೋಜನೆ ಅವರದಾಗಿತ್ತು. 80 ಸಂಪುಟಗಳು ಮುಗಿದಿದ್ದವು.

ಸ್ನೇಹಿತರೇ, ಇಂಥವರ ಹೆಸರು ಹೇಳಿ ಹೆಮ್ಮೆಪಡುವುದು ಸುಲಭ. ಆದರೆ ಅವರು ಇಬ್ನ್ ಸೀನಾ ಅವರನ್ನು ಗೌರವಿಸಿದ್ದು ಅವರ ಗ್ರಂಥವನ್ನು ಸಾಲುಸಾಲಾಗಿ ಓದಿ, ತಪ್ಪು ಕಂಡಲ್ಲಿ ತಪ್ಪು ಎಂದು ಬರೆಯುವ ಮೂಲಕ. ನಂತರದವರು ಅವರ ಗೈಡ್ ಓದಿ ಅವರನ್ನು ಹೊಗಳಿದರು, ಮೂಲ ಗ್ರಂಥವನ್ನು ಕಪಾಟಿನಲ್ಲಿ ಬಿಟ್ಟರು. ಪಿಯುಸಿ, ನೀಟ್, ಸಿಇಟಿ ಎಂದು ಓಡುತ್ತಿರುವ ನಮಗೆ ಗೈಡ್ ಬೇಕೇ ಬೇಕು, ಅದನ್ನು ನಾನೂ ಬಲ್ಲೆ. ಆದರೂ ವಾರದಲ್ಲಿ ಒಂದು ಗಂಟೆಯಾದರೂ ನಮ್ಮ ಕಾಲೇಜು ಗ್ರಂಥಾಲಯದಲ್ಲಿ ಪರೀಕ್ಷೆಗೆ ಬಾರದ ಒಂದು ಪುಸ್ತಕವನ್ನು ತೆರೆದು, ಇಲ್ಲಿ ಬರೆದಿರುವುದು ನಿಜವೇ ಎಂದು ಕೇಳಿಕೊಂಡು ಓದೋಣ. ಇಬ್ನ್ ಅಲ್-ನಫೀಸ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ ಎಂದು ನನಗನಿಸುತ್ತದೆ.