ಕೆರೆ ಕಟ್ಟಿಸಿದ ಕೃಷ್ಣದೇವರಾಯ

ಕೃಷ್ಣದೇವರಾಯ ಅಂದ ತಕ್ಷಣ ನಮಗೆ ನೆನಪಾಗೋದು ತೆನಾಲಿ ರಾಮನ ಕಥೆಗಳು. ಆದರೆ ಸಿವಿಲ್ ಓದೋರಿಗೆ ಅವನ ಇನ್ನೊಂದು ಮುಖವೂ ಗೊತ್ತಿರಬೇಕು.

ತುಳುವ ನರಸ ನಾಯಕ ಮತ್ತು ನಾಗಲಾಂಬಿಕೆಯ ಮಗನಾದ ಅವನು, ಅಣ್ಣ ವೀರನರಸಿಂಹನ ನಂತರ 1509ರಲ್ಲಿ ಪಟ್ಟಕ್ಕೆ ಬಂದ. ಉದಯಗಿರಿ ಗೆದ್ದ, 1520ರಲ್ಲಿ ರಾಯಚೂರು ಗೆದ್ದ, ತೆಲುಗಿನಲ್ಲಿ ಆಮುಕ್ತಮಾಲ್ಯದ ಬರೆದ. ರಾಜ್ಯ ಚಿಕ್ಕದಾದರೂ ಕೆರೆ ಕಾಲುವೆಗಳಿಂದ ಸಂಪತ್ತು ಬೆಳೆಯುತ್ತೆ ಅನ್ನೋ ವಿಚಾರ ಆ ಕಾವ್ಯದಲ್ಲೇ ಇದೆ.

ಬರೆದು ಸುಮ್ಮನಾಗಲಿಲ್ಲ. ಇವತ್ತಿನ ಹೊಸಪೇಟೆ ಅವನು ಕಟ್ಟಿಸಿದ ನಾಗಲಾಪುರ. ಅದರ ಪಕ್ಕ, ಸಂಡೂರು ಬೆಟ್ಟಗಳ ಬಾಯಲ್ಲಿ, ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆಗೆ ಕಟ್ಟೆ ಹಾಕಿಸಿದ. ಪೋರ್ಚುಗೀಸ್ ಪ್ರವಾಸಿ ಪಾಯೆಸ್ ನೋಡಿದಾಗ ಅಲ್ಲಿ 15–20 ಸಾವಿರ ಜನ ದುಡೀತಿದ್ದರಂತೆ. ಕಟ್ಟೆ ಎರಡು ಮೂರು ಸಲ ಒಡೀತು. ಆಗ 60 ಜನರನ್ನು ಬಲಿ ಕೊಡಿಸಿದ ಅಂತಲೂ ಪಾಯೆಸ್ ದಾಖಲಿಸಿದ್ದಾನೆ. ರಾಯನನ್ನು ಹೊಗಳುವಾಗ ಇದನ್ನು ಮರೆಯೋ ಹಾಗಿಲ್ಲ.

ಕಟ್ಟೆ ಯಾಕೆ ಒಡೀತು? ಬೆಟ್ಟದ ನೀರು ನಿಧಾನಕ್ಕೆ ಬರಲ್ಲ, ಒಮ್ಮೆಲೇ ನುಗ್ಗುತ್ತೆ. ಇಳಿಜಾರಲ್ಲಿ ಮರ, ಹುಲ್ಲು, ಮಣ್ಣು ಇದ್ದರೆ ಒಂದಿಷ್ಟು ನೀರು ಇಂಗುತ್ತೆ. ಬೋಳಾದರೆ ಹೈಡ್ರೋಗ್ರಾಫ್‌ನ ಪೀಕ್ ಬೇಗ ಬರುತ್ತೆ, ಎತ್ತರಕ್ಕೂ ಹೋಗುತ್ತೆ, ಜೊತೆಗೆ ಹೂಳು ಹೊತ್ತು ತರುತ್ತೆ. ಕೆರೆ ಆ ಪೀಕನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತೆ. ರಾಯನಿಗೆ ಬೇಕಿದ್ದದ್ದು ನೀರಾವರಿ; ಆದರೆ ಕೆರೆ ಎರಡೂ ಕೆಲಸ ಮಾಡುತ್ತೆ.

1529ರಲ್ಲಿ ಅವನು ತೀರಿಕೊಂಡ. ಮುಂದೆ ಆ ಕೆರೆ ಒಣಗಿತು, ಕಟ್ಟೆ ಮೇಲೆ ರಸ್ತೆ ಬಂತು. ಸಂಡೂರು ಬೆಟ್ಟಗಳಲ್ಲಿ ಅದಿರಿಗಾಗಿ ಅಗೆದದ್ದು ಎಷ್ಟಾಯ್ತು ಅಂದರೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯ್ತು. ಅತ್ತ ತುಂಗಭದ್ರೆಯ ಉದ್ದಕ್ಕೂ, ಮಲೆನಾಡಿನಿಂದ ಹಿಡಿದು, ಮೇಲಿನ ಜಮೀನುಗಳಿಂದ ಕೊಚ್ಚಿ ಬಂದ ಮಣ್ಣು ಹೊಸಪೇಟೆಯ ಜಲಾಶಯದಲ್ಲಿ ಕೂತಿದೆ. ಸುಮಾರು 133 ಟಿಎಂಸಿ ಹಿಡೀತಿದ್ದ ಅಣೆಕಟ್ಟು ಈಗ ಹಿಡಿಯೋದು ಸುಮಾರು 105. ಜಾಗ ಕಡಿಮೆ ಆದಷ್ಟೂ ಗೇಟ್ ಬೇಗ ತೆಗೀಬೇಕು. ಆಗ ಹಂಪಿಯ ಪುರಂದರ ಮಂಟಪ ಮುಳುಗುತ್ತೆ, ಕಂಪ್ಲಿ ಸೇತುವೆ ಬಂದ್ ಆಗುತ್ತೆ, ದಡದ ಗದ್ದೆಗಳಿಗೆ ನೀರು ನುಗ್ಗುತ್ತೆ.

ಮುಂದಿನ ಸಲ ಹಂಪಿಗೆ ಟ್ರಿಪ್ ಹಾಕಿದಾಗ ಕಲ್ಲಿನ ರಥದ ಜೊತೆ ಆ ಹಳೇ ಕಟ್ಟೆಯನ್ನೂ ನೋಡಿ ಬರೋಣ. ಅಲ್ಲಿ ನಿಂತು ಸಂಡೂರಿನ ಬೆಟ್ಟಗಳ ಕಡೆ ತಿರುಗಿದರೆ, ನೆರೆಯ ಲೆಕ್ಕ ಎಲ್ಲಿಂದ ಶುರು ಮಾಡಬೇಕು ಅನ್ನೋದು ನಮಗೆ ಅರ್ಥವಾಗುತ್ತೆ.