ಲ್ಯಾಂಗ್ಲೆಯ ಮಾದರಿ ವಿಮಾನಗಳು

ನಾನು ಇತಿಹಾಸದ ವಿದ್ಯಾರ್ಥಿ. ಆದರೂ ರಜೆ ಬಂತೆಂದರೆ ನನ್ನ ಕೈಯಲ್ಲಿ ಪುಸ್ತಕಕ್ಕಿಂತ ಗೋಂದಿನ ಡಬ್ಬಿಯೇ ಹೆಚ್ಚು ಹೊತ್ತು ಇರುತ್ತದೆ. ಬಾಲ್ಸಾ ಮರದ ಹಗುರವಾದ ಪಟ್ಟಿಗಳನ್ನು ಕೊಯ್ದು, ಅಂಟಿಸಿ, ಮೇಲೆ ತೆಳುಹಾಳೆ ಹೊದಿಸಿ, ಒಳಗೆ ಪುಟ್ಟ ಮೋಟಾರನ್ನೂ ರೇಡಿಯೋ ಗ್ರಾಹಕವನ್ನೂ ಕೂರಿಸಿ, ನೆಲದ ಮೇಲೆ ನಿಂತು ಹಾರಿಸುವ ಮಾದರಿ ವಿಮಾನಗಳ ಹುಚ್ಚನ್ನು ನನಗೆ ಹತ್ತಿಸಿದವರು ನನ್ನ ಸೋದರಮಾವ. ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಭಾಗಗಳನ್ನು ಜೋಡಿಸುವುದನ್ನು ಅವರು ವಿಮಾನ ಕಟ್ಟುವುದೆಂದು ಒಪ್ಪುವವರಲ್ಲ. ನಕ್ಷೆಯಿಂದ ಹಿಡಿದು ಕೊನೆಯ ಬಣ್ಣದವರೆಗೆ ಎಲ್ಲವೂ ಕಟ್ಟುವವನ ಕೈಯಿಂದಲೇ ಆಗಬೇಕೆಂಬುದು ಅವರ ಹಟ.

ಹೋದ ವರ್ಷ ನಾನು ಕಟ್ಟಿದ, ರೆಕ್ಕೆಯ ತುದಿಯಿಂದ ತುದಿಗೆ ನಾಲ್ಕು ಅಡಿಯ ವಿಮಾನವೊಂದು ಬಹು ಚೆನ್ನಾಗಿ ಹಾರಿತು. ಅದರಿಂದ ಉಬ್ಬಿಹೋದ ನಾನು ಅದೇ ನಕ್ಷೆಯ ಅಳತೆಗಳನ್ನೆಲ್ಲ ಎರಡರಿಂದ ಗುಣಿಸಿ, ಮರದ ದಪ್ಪವನ್ನೂ ಎರಡು ಪಟ್ಟು ಮಾಡಿ, ಎಂಟು ಅಡಿಯದನ್ನು ಕಟ್ಟಿದೆ. ಕಟಾವಾದ ರಾಗಿಯ ಹೊಲದಲ್ಲಿ ಅದು ಮೇಲಕ್ಕೇನೋ ಎದ್ದಿತು. ಮೊದಲನೆಯ ತಿರುವಿನಲ್ಲಿಯೇ ಎರಡು ರೆಕ್ಕೆಗಳೂ ಕೈಮುಗಿದಂತೆ ಮೇಲಕ್ಕೆ ಮಡಿಸಿಕೊಂಡವು. ನೋಡಲು ಬಂದಿದ್ದ ಗೆಳೆಯರು ಎಷ್ಟು ನಕ್ಕರೆಂಬುದನ್ನು ಇಲ್ಲಿ ಬರೆಯುವುದು ಬೇಡ. ಮಾವನವರು ಮಾತ್ರ ನಗಲಿಲ್ಲ. ಬೆಕ್ಕನ್ನು ಹಾಗೆಯೇ ಹಿಗ್ಗಿಸಿದರೆ ಆನೆಯಾಗುವುದಿಲ್ಲ, ಅದರ ಕಾಲು ಮುರಿಯುತ್ತದೆ ಎಂದರು. ಅಳತೆ ಎರಡು ಪಟ್ಟಾದರೆ ರೆಕ್ಕೆಯ ಹರವು ನಾಲ್ಕು ಪಟ್ಟಾಗುತ್ತದೆ, ಆದರೆ ತೂಕ ಎಂಟು ಪಟ್ಟಾಗುತ್ತದೆ. ಪ್ರತಿಯೊಂದು ಚದರ ಅಡಿ ರೆಕ್ಕೆಯೂ ಹಿಂದಿಗಿಂತ ಇಮ್ಮಡಿ ಹೊರೆಯನ್ನು ಹೊರಬೇಕಾಗುತ್ತದೆ ಎಂದು ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದರು. ಇದರಿಂದ ನನಗಿಂತ ಬಹು ದೊಡ್ಡವನೊಬ್ಬನು ನದಿಯ ಪಾಲಾದನೆಂದು ಹೇಳಿ, ಸ್ಯಾಮ್ಯುಯೆಲ್ ಪಿಯರ್‌ಪಾಂಟ್ ಲ್ಯಾಂಗ್ಲೆಯ ಹೆಸರನ್ನೆತ್ತಿದರು.

ರೈಟ್ ಸಹೋದರರ ಕಥೆಯನ್ನು ಓದಿದವರಿಗೆ ಲ್ಯಾಂಗ್ಲೆಯು ಅಪರಿಚಿತನಲ್ಲ. ಆದರೆ ಆ ಕಥೆಗಳಲ್ಲಿ ಅವನು ಬರುವುದು ಸೋತವನಾಗಿ, ಅದೂ ಒಂದೆರಡು ವಾಕ್ಯಗಳಲ್ಲಿ. ಅವನ ಬಾಳನ್ನು ಮೊದಲಿನಿಂದ ನೋಡಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ.

ಅವನು ಹುಟ್ಟಿದ್ದು ೧೮೩೪ರ ಆಗಸ್ಟ್ ೨೨ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ರಾಕ್ಸ್‌ಬರಿಯಲ್ಲಿ. ಹುಡುಗನಾಗಿದ್ದಾಗ ಹುಲ್ಲುಗಾವಲಿನಲ್ಲಿ ಅಂಗಾತ ಮಲಗಿ, ರೆಕ್ಕೆಯನ್ನು ಅಲುಗಿಸದೆಯೇ ತೇಲುವ ಗಿಡುಗವನ್ನು ನೋಡುತ್ತಿದ್ದುದನ್ನು ಮುಂದೆ ಅವನೇ ನೆನೆದಿದ್ದಾನೆ. ಪ್ರೌಢಶಾಲೆಯ ಓದೇ ಅವನ ಕೊನೆಯ ಓದು. ಕಾಲೇಜಿನ ಮೆಟ್ಟಿಲನ್ನು ಅವನು ಹತ್ತಲಿಲ್ಲ. ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿ ಕೆಲವು ವರ್ಷ ಕಳೆದನು. ತಮ್ಮನೊಡನೆ ಕೂಡಿ ದೂರದರ್ಶಕಗಳನ್ನು ತನ್ನ ಕೈಯಿಂದಲೇ ಮಾಡಿದನು. ಈ ಕೈಕೆಲಸವೇ ಅವನನ್ನು ವಿಜ್ಞಾನದ ಬಾಗಿಲಿಗೆ ತಂದಿತೆನ್ನಬೇಕು. ಹಾರ್ವರ್ಡ್ ವೇಧಶಾಲೆಯಲ್ಲಿ ಸಹಾಯಕನಾಗಿದ್ದು, ೧೮೬೭ರಲ್ಲಿ ಪಿಟ್ಸ್‌ಬರ್ಗ್ ಬಳಿಯ ಅಲೆಘೆನಿ ವೇಧಶಾಲೆಯ ಮುಖ್ಯಸ್ಥನಾದನು.

ಅಲ್ಲಿ ಹಣವಿರಲಿಲ್ಲ. ನಕ್ಷತ್ರಗಳನ್ನು ನೋಡಿ ನಿಖರವಾಗಿ ಗೊತ್ತುಮಾಡಿದ ವೇಳೆಯನ್ನು ತಂತಿಯ ಮೂಲಕ ರೈಲ್ವೆ ಕಂಪೆನಿಗೆ ಮಾರುವ ಉಪಾಯವನ್ನು ಲ್ಯಾಂಗ್ಲೆಯು ೧೮೬೯ರಲ್ಲಿ ಹೂಡಿದನು! ಆ ವರಮಾನದಿಂದ ವೇಧಶಾಲೆಯೂ ನಡೆಯಿತು, ರೈಲುಗಳೂ ಒಂದೇ ಗಡಿಯಾರದಂತೆ ಓಡಿದವು. ೧೮೮೦ರ ಸುಮಾರಿಗೆ ಅವನು ಬೋಲೋಮೀಟರ್ ಎಂಬ ಉಪಕರಣವನ್ನು ಕಂಡುಹಿಡಿದನು. ತೆಳುವಾದ ಪ್ಲಾಟಿನಂ ಪಟ್ಟಿಯ ಮೇಲೆ ಶಾಖವು ಬಿದ್ದಾಗ ಅದರಲ್ಲಿ ಹರಿಯುವ ವಿದ್ಯುತ್ತಿಗೆ ಆಗುವ ತಡೆ ಅತ್ಯಲ್ಪವಾಗಿ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದರೆ ಶಾಖವನ್ನು ಅಳೆದಂತೆಯೇ. ಸೂರ್ಯನ ಕಣ್ಣಿಗೆ ಕಾಣದ ಕಿರಣಗಳ ಅಧ್ಯಯನಕ್ಕೆ ಇದು ದಾರಿಮಾಡಿತು. ವಿಮಾನದ ಗೋಜಿಗೆ ಹೋಗದೆ ಇದ್ದಿದ್ದರೆ ಲ್ಯಾಂಗ್ಲೆಯು ಇದೊಂದರಿಂದಲೇ ಗೌರವವಾಗಿ ಬಾಳಿ ಹೋಗುತ್ತಿದ್ದನು.

೧೮೮೬ರಲ್ಲಿ, ಐವತ್ತನ್ನು ದಾಟಿದ ಮೇಲೆ, ಬಫಲೋ ನಗರದ ವಿಜ್ಞಾನ ಸಮ್ಮೇಳನವೊಂದರಲ್ಲಿ ಹಕ್ಕಿಗಳ ಹಾರಾಟವನ್ನು ಕುರಿತ ಪ್ರಬಂಧವೊಂದನ್ನು ಅವನು ಕೇಳಿದನು. ಹುಲ್ಲುಗಾವಲಿನ ಗಿಡುಗವು ಮತ್ತೆ ಎದ್ದಿತು. ಅಲೆಘೆನಿಗೆ ಮರಳಿ, ಬಯಲಿನಲ್ಲಿ ದೊಡ್ಡದೊಂದು ಗಾಣದಂಥ ಯಂತ್ರವನ್ನು ನಿಲ್ಲಿಸಿದನು. ಮೂವತ್ತು ಅಡಿ ಉದ್ದದ ತೋಳು, ತಿರುಗಿಸಲು ಉಗಿಯಂತ್ರ, ತೋಳಿನ ತುದಿ ಗಂಟೆಗೆ ಎಪ್ಪತ್ತು ಮೈಲಿಯವರೆಗೆ ಓಡಬಲ್ಲದು. ಆ ತುದಿಗೆ ಹಿತ್ತಾಳೆಯ ಹಲಗೆಗಳನ್ನೂ ತುಪ್ಪುಳ ಸಮೇತ ತುಂಬಿಸಿದ ಸತ್ತ ಹಕ್ಕಿಗಳನ್ನೂ ಕಟ್ಟಿ, ಗಾಳಿ ಎಷ್ಟು ಎತ್ತುತ್ತದೆ, ಎಷ್ಟು ತಡೆಯುತ್ತದೆ ಎಂದು ಅಳೆದನು. ಅಂದಿನ ಉಗಿಯಂತ್ರಗಳ ಶಕ್ತಿಯಿಂದಲೇ ಗಾಳಿಗಿಂತ ಭಾರವಾದ ಯಂತ್ರವನ್ನು ಹಾರಿಸಬಹುದೆಂದು ೧೮೯೧ರಲ್ಲಿ ಪುಸ್ತಕ ಬರೆದು ಸಾರಿದನು. ವೇಗ ಹೆಚ್ಚಿದಷ್ಟೂ ಹಾರಲು ಬೇಕಾಗುವ ಶಕ್ತಿ ಕಡಮೆಯಾಗುತ್ತದೆಂಬ ಒಂದು ತಪ್ಪು ನಿಯಮವೂ ಅದರಲ್ಲಿತ್ತು. ಆದರೆ ಹಾರಾಟವೆಂದರೆ ಹುಚ್ಚರ ಮಾತೆಂದು ಪಂಡಿತರು ಎಣಿಸುತ್ತಿದ್ದ ಕಾಲದಲ್ಲಿ ಇಷ್ಟು ಧೈರ್ಯವಾಗಿ ಹೇಳಿದವನು ಸಾಮಾನ್ಯನಲ್ಲ. ೧೮೮೭ರಿಂದ ಅವನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ, ಎಂದರೆ ಅಮೆರಿಕದ ವಿಜ್ಞಾನಕ್ಕೆ ಬಹುಮಟ್ಟಿಗೆ ಹಿರಿಯ ಯಜಮಾನ.

ಇಂಥ ಯಜಮಾನನು ಇನ್ನು ಮಾಡಿದ ಕೆಲಸವು ನಮ್ಮಂಥವರಿಗೆ ಬಹಳ ಹತ್ತಿರದ್ದು. ಫ್ರಾನ್ಸಿನ ಪೆನೋ ಎಂಬ ತರುಣನು ೧೮೭೧ರಲ್ಲಿ ತಿರುಚಿದ ರಬ್ಬರಿನಿಂದ ಹಾರುವ ಆಟದ ವಿಮಾನವೊಂದನ್ನು ತೋರಿಸಿದ್ದನು. ಲ್ಯಾಂಗ್ಲೆಯು ಅದೇ ಜಾಡಿನಲ್ಲಿ ಹತ್ತಾರು ರಬ್ಬರ್ ವಿಮಾನಗಳನ್ನು ಕಟ್ಟಿದನು. ಅವು ಕೆಲವೇ ಸೆಕೆಂಡು ಹಾರಿ ಬೀಳುತ್ತಿದ್ದವು. ರಬ್ಬರನ್ನು ಬಿಟ್ಟು ಉಗಿಗೆ ಬಂದನು. ಮೊದಮೊದಲಿನ ಉಗಿ ಮಾದರಿಗಳು ತೀರ ಭಾರವಾಗಿ, ಹಾರಿಸಿ ನೋಡುವ ಯೋಗ್ಯತೆಯನ್ನೂ ಪಡೆಯದೆ ಮೂಲೆ ಸೇರಿದವು. ಯಂತ್ರವನ್ನು ಹಗುರ ಮಾಡಿದರೆ ಚೌಕಟ್ಟು ಬಾಗುವುದು. ಚೌಕಟ್ಟನ್ನು ಬಿಗಿ ಮಾಡಿದರೆ ತೂಕ ಏರುವುದು. ಒಂದು ಗ್ರಾಂ ಉಳಿಸಲು ರಾತ್ರಿಯೆಲ್ಲ ಉಜ್ಜುಕಾಗದ ಹಿಡಿದು ಕುಳಿತವರಿಗೆ ಇದರ ಸಂಕಟ ಗೊತ್ತು.

ಅವನಿಗಿದ್ದ ಇನ್ನೊಂದು ತೊಡಕು ನಮಗಿಲ್ಲ. ನಮ್ಮ ಕೈಯಲ್ಲಿ ರೇಡಿಯೋ ಇದೆ. ವಿಮಾನ ವಾಲಿದರೆ ಕಡ್ಡಿಯನ್ನು ಅತ್ತಿತ್ತ ಸರಿಸಿ ನೇರ ಮಾಡುತ್ತೇವೆ. ಲ್ಯಾಂಗ್ಲೆಯ ವಿಮಾನವು ಕೈಬಿಟ್ಟು ಹೋದ ಮೇಲೆ ತನ್ನನ್ನು ತಾನೇ ಸಂಭಾಳಿಸಿಕೊಳ್ಳಬೇಕಾಗಿತ್ತು. ಆದುದರಿಂದ ರೆಕ್ಕೆಗಳ ತುದಿಯನ್ನು ಮೇಲಕ್ಕೆತ್ತಿ, ಪೆನೋ ತೋರಿಸಿದ ಬಗೆಯ ಬಾಲವನ್ನಿಟ್ಟು, ಗಾಳಿಯು ಅಲುಗಿಸಿದರೂ ಮತ್ತೆ ಸಮಸ್ಥಿತಿಗೆ ತಾನಾಗಿಯೇ ಬರುವಂತೆ ಮಾಡಿದನು. ಮಾದರಿಯಲ್ಲಿ ಇದು ದೊಡ್ಡ ಗುಣ.

ಪೊಟೋಮ್ಯಾಕ್ ನದಿಯಲ್ಲಿ ಒಂದು ದೋಣಿಮನೆಯನ್ನು ನಿಲ್ಲಿಸಿ, ಅದರ ಮಾಡಿನ ಮೇಲಿಂದ ಕವಣೆಯಂಥ ಸಾಧನದಿಂದ ವಿಮಾನವನ್ನು ಎಸೆಯುವ ಏರ್ಪಾಡಾಯಿತು. ೧೮೯೩ರಿಂದ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಬಂದರು. ಒಮ್ಮೆ ಗಾಳಿ, ಒಮ್ಮೆ ಕವಣೆಯ ದೋಷ, ಒಮ್ಮೆ ನೇರವಾಗಿ ನೀರಿಗೆ. ಎರಡೂವರೆ ವರ್ಷ ಹೀಗೆಯೇ ಕಳೆಯಿತು.

೧೮೯೬ರ ಮೇ ೬. ಸ್ಥಳ, ವರ್ಜೀನಿಯದ ಕ್ವಾಂಟಿಕೋ ಬಳಿ. ಟೆಲಿಫೋನಿನ ಗ್ರಹಾಂ ಬೆಲ್ಲನು ಗೆಳೆಯನಾಗಿ ಜೊತೆಗೆ ಬಂದಿದ್ದಾನೆ. ಆರನೆಯ ಸಂಖ್ಯೆಯ ವಿಮಾನವು ಮೊದಲು ಹೊರಟು, ಎಸೆಯುವಾಗಲೇ ಕೆಟ್ಟು ನೀರಿಗೆ ಬಿದ್ದಿತು. ಬಳಿಕ ಐದನೆಯದನ್ನು ಏರಿಸಿದರು. ಒಂದರ ಹಿಂದೊಂದು ಎರಡು ಜೊತೆ ರೆಕ್ಕೆ, ತುದಿಯಿಂದ ತುದಿಗೆ ಸುಮಾರು ೧೪ ಅಡಿ. ತೂಕ ಸುಮಾರು ೨೫ ಪೌಂಡು. ಮೈಯೆಲ್ಲ ಉಕ್ಕಿನ ಕೊಳವೆ, ರೆಕ್ಕೆಗೆ ರೇಷ್ಮೆ. ನಡುವೆ ಸುಮಾರು ಒಂದು ಅಶ್ವಶಕ್ತಿಯ ಉಗಿಯಂತ್ರ. ಅದು ಸ್ವಲ್ಪ ತಗ್ಗಿ, ತಡೆದುಕೊಂಡು, ಮೇಲಕ್ಕೆ ಏರತೊಡಗಿತು. ದೊಡ್ಡ ಸುತ್ತುಗಳನ್ನು ಹಾಕುತ್ತ ಏರಿ, ಉಗಿ ಮುಗಿದಾಗ ಮೆಲ್ಲನೆ ನೀರಿನ ಮೇಲೆ ಇಳಿಯಿತು. ಹಾರಿದ ದೂರ ೩,೩೦೦ ಅಡಿ. ಒರೆಸಿ ಒಣಗಿಸಿ ಅದೇ ಮಧ್ಯಾಹ್ನ ಮತ್ತೊಮ್ಮೆ ಬಿಟ್ಟರು. ಸುಮಾರು ೨,೩೦೦ ಅಡಿ. ಬೆಲ್ಲನು ತೆಗೆದ ಛಾಯಾಚಿತ್ರ ಈಗಲೂ ಇದೆ. ನವೆಂಬರ್ ೨೮ರಂದು, ದುರಸ್ತಿಯಾದ ಆರನೆಯದು ಮುಕ್ಕಾಲು ಮೈಲಿಯನ್ನೂ ಮೀರಿ ಹಾರಿತು. ಯಂತ್ರಬಲದಿಂದ ನಡೆಯುವ, ಗಾಳಿಗಿಂತ ಭಾರವಾದ, ಇಷ್ಟು ದೊಡ್ಡ ವಸ್ತುವೊಂದು ಇಷ್ಟು ದೂರ ಹಾರಿದ್ದು ಭೂಮಿಯ ಮೇಲೆ ಅದೇ ಮೊದಲು. ಲ್ಯಾಂಗ್ಲೆಗೆ ಆಗ ಅರವತ್ತೆರಡು ವರ್ಷ. ಅವನನ್ನು ನೋಡಿ ನಗುವವರು ಈ ಎರಡು ದಿನಗಳನ್ನು ಯಾಕೆ ಮರೆಯುತ್ತಾರೋ ನಾನರಿಯೆ.

ಗ್ರೀಕ್ ಮಾತಿನಿಂದ ತೆಗೆದು, ಗಾಳಿಯಲ್ಲಿ ಓಡುವುದು ಎಂಬರ್ಥದಲ್ಲಿ, ಅವನು ತನ್ನ ವಿಮಾನಗಳಿಗೆ ಏರೋಡ್ರೋಮ್ ಎಂದು ಹೆಸರಿಟ್ಟಿದ್ದನು. ಆ ಹೆಸರು ಮುಂದೆ ವಿಮಾನವನ್ನು ಬಿಟ್ಟು ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಿತು. ಪಾಪ, ಅವನ ಹೆಸರುಗಳಿಗೂ ಅದೃಷ್ಟವಿರಲಿಲ್ಲ.

ತನ್ನ ಪಾಲಿನ ಕೆಲಸ ಮುಗಿಯಿತು, ಮುಂದಿನದನ್ನು ಇತರರು ನೋಡಿಕೊಳ್ಳಲಿ ಎಂಬ ಧಾಟಿಯಲ್ಲಿ ಅವನು ೧೮೯೭ರಲ್ಲಿ ಬರೆದನು. ಅಲ್ಲಿಗೆ ನಿಂತಿದ್ದರೆ! ಆದರೆ ೧೮೯೮ರಲ್ಲಿ ಸ್ಪೇನಿನೊಡನೆ ಯುದ್ಧ ಬಂದಿತು. ಮನುಷ್ಯನನ್ನು ಹೊರುವ ವಿಮಾನವನ್ನು ಕಟ್ಟಿಕೊಡಲು ಅಮೆರಿಕದ ಯುದ್ಧ ಇಲಾಖೆ ೫೦,೦೦೦ ಡಾಲರ್ ಕೊಟ್ಟಿತು. ಲ್ಯಾಂಗ್ಲೆಯು ಒಪ್ಪಿಕೊಂಡನು. ಹಾರಿದ ಮಾದರಿ ಕೈಯಲ್ಲಿದೆ. ಅದನ್ನೇ ದೊಡ್ಡದು ಮಾಡಿದರಾಯಿತು. ರಾಗಿಯ ಹೊಲದಲ್ಲಿ ನಾನು ಎಣಿಸಿದ್ದೂ ಇದನ್ನೇ.

ಯಂತ್ರದ ವಿಷಯದಲ್ಲಿ ಅವನಿಗೆ ಒಳ್ಳೆಯ ಸಹಾಯಕ ದೊರೆತನು. ಚಾರ್ಲ್ಸ್ ಮ್ಯಾನ್ಲಿ ಎಂಬ ತರುಣ ಇಂಜಿನಿಯರನು, ಬಾಲ್ಜರ್ ಎಂಬಾತನು ಅರ್ಧಕ್ಕೆ ಬಿಟ್ಟಿದ್ದ ಪೆಟ್ರೋಲ್ ಯಂತ್ರವನ್ನು ತಿದ್ದಿ, ಐದು ಸಿಲಿಂಡರಿನ ೫೨ ಅಶ್ವಶಕ್ತಿಯ ಯಂತ್ರವನ್ನು ಮಾಡಿದನು. ಅದರ ಹಗುರತನಕ್ಕೆ ಆ ಕಾಲದಲ್ಲಿ ಸಾಟಿಯಿರಲಿಲ್ಲ. ಇದರ ನಡುವೆ ನಿಜ ಅಳತೆಯ ಕಾಲುಭಾಗದ ಪೆಟ್ರೋಲ್ ಮಾದರಿಯೊಂದನ್ನೂ ಕಟ್ಟಿ, ೧೯೦೧ರ ಜೂನ್‌ನಲ್ಲಿಯೂ ೧೯೦೩ರ ಆಗಸ್ಟ್‌ನಲ್ಲಿಯೂ ಹಾರಿಸಿದರು. ಅಲ್ಲಿಯೂ ಮಾದರಿ ಗೆದ್ದಿತು. ಅಲ್ಲಿಯೂ ಮಾದರಿ ಮೋಸಮಾಡಿತು. ನಾಲ್ಕು ಪಟ್ಟು ಹಿಗ್ಗಿಸಿದಾಗ ರೆಕ್ಕೆಯ ಹರವು ಹದಿನಾರು ಪಟ್ಟಾಗುತ್ತದೆ. ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕಟ್ಟಿದರೆ ತೂಕ ಅರವತ್ತನಾಲ್ಕು ಪಟ್ಟಾಗುತ್ತದೆ. ಅಷ್ಟು ತೂಕವನ್ನು ಹೊರಲಾಗದೆಂದು ಚೌಕಟ್ಟನ್ನು ತೆಳುವಾಗಿಸಿದರು. ೪೮ ಅಡಿ ಹರವಿನ ಆ ರೆಕ್ಕೆಗಳು ಗಾಳಿಯ ಒತ್ತಡಕ್ಕೆ ತಿರುಚಿಕೊಳ್ಳುವಂತಾದವು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ತಾನಾಗಿಯೇ ಸಮತೂಕವನ್ನು ಕಾಯುವ ಮಾದರಿಯ ಗುಣವನ್ನು ನೆಚ್ಚಿ, ವಿಮಾನವು ಒಂದು ಪಕ್ಕಕ್ಕೆ ವಾಲಿದರೆ ಸರಿಪಡಿಸಲು ಚಾಲಕನಿಗೆ ಸಾಧನವನ್ನೇ ಇಟ್ಟಿರಲಿಲ್ಲ. ಮ್ಯಾನ್ಲಿಯು ಹಾರಲು ಕಲಿತವನಲ್ಲ; ಕಲಿಯಲು ಸಣ್ಣದೊಂದು ಜಾರು ವಿಮಾನವನ್ನೂ ಅವನಿಗೆ ಕೊಡಲಿಲ್ಲ. ನೆಲಕ್ಕಿಳಿಯಲು ಚಕ್ರಗಳೂ ಇಲ್ಲ. ರೈಟ್ ಸಹೋದರರು ಅದೇ ವರ್ಷಗಳಲ್ಲಿ ಮರಳುಗುಡ್ಡದ ಮೇಲೆ ಜಾರುತ್ತ, ಬೀಳುತ್ತ, ವಿಮಾನವನ್ನು ಹಿಡಿತದಲ್ಲಿಡುವ ಬಗೆಯನ್ನೇ ಮೊದಲು ಕಲಿಯುತ್ತಿದ್ದರು.

೧೯೦೩ರ ಅಕ್ಟೋಬರ್ ೭ರಂದು ದೋಣಿಮನೆಯ ಮೇಲಿಂದ ಹೊರಟ ವಿಮಾನವು ಮುಂಭಾಗ ಕೆಳಗಾಗಿ ನೇರವಾಗಿ ನದಿಗೆ ಬಿದ್ದಿತು. ಪತ್ರಿಕೆಗಳು ಹಬ್ಬ ಮಾಡಿದವು. ಡಿಸೆಂಬರ್ ೮ರ ಸಂಜೆ ವಾಷಿಂಗ್ಟನ್ನಿನ ಬಳಿ ಎರಡನೆಯ ಪ್ರಯತ್ನ. ಈ ಸಲ ಹೊರಡುವಾಗಲೇ ಹಿಂದಿನ ರೆಕ್ಕೆಯೂ ಬಾಲವೂ ಮುರಿದು, ವಿಮಾನವು ಮೇಲಕ್ಕೆದ್ದು ಅಂಗಾತ ಬಿದ್ದಿತು. ಮಂಜಿನಂಥ ನೀರಿನಲ್ಲಿ, ಮುರಿದ ಚೌಕಟ್ಟಿನ ಅಡಿಯಲ್ಲಿ ಸಿಕ್ಕಿಬಿದ್ದ ಮ್ಯಾನ್ಲಿಯು ಬಟ್ಟೆಯನ್ನು ಹರಿದುಕೊಂಡು ಹೊರಬಂದುದು ಅವನ ಪುಣ್ಯ. ಕವಣೆಯ ದೋಷವೆಂದೇ ಲ್ಯಾಂಗ್ಲೆಯು ಕೊನೆಯವರೆಗೂ ನಂಬಿದ್ದನು. ಒಂಬತ್ತು ದಿನಗಳ ಮೇಲೆ, ಡಿಸೆಂಬರ್ ೧೭ರಂದು, ರೈಟ್ ಸಹೋದರರು ಹಾರಿದರು.

ಸರ್ಕಾರವು ಮುಂದೆ ಹಣ ಕೊಡಲಿಲ್ಲ. ೧೯೦೫ರಲ್ಲಿ ಸಂಸ್ಥೆಯ ಲೆಕ್ಕಿಗನೊಬ್ಬನು ಹಣ ಲಪಟಾಯಿಸಿದ್ದು ಬಯಲಾದಾಗ, ಹೊಣೆ ತನ್ನದೇ ಎಂದು ಭಾವಿಸಿ ಲ್ಯಾಂಗ್ಲೆಯು ಸಂಬಳವನ್ನೇ ಬೇಡವೆಂದನು. ಮದುವೆಯಾಗದ ಒಂಟಿ ಜೀವ. ಕಟ್ಟುನಿಟ್ಟಿನ ಮನುಷ್ಯನೆಂದು ಹೆಸರು. ಆದರೆ ಮಕ್ಕಳಿಗಾಗಿ ಸ್ಮಿತ್ಸೋನಿಯನ್ನಿನಲ್ಲಿ ೧೯೦೧ರಲ್ಲಿ ಒಂದು ಕೋಣೆಯನ್ನು ತೆರೆದು, ಹಕ್ಕಿಗಳನ್ನೂ ಚಿಪ್ಪುಗಳನ್ನೂ ಅವರ ಕಣ್ಣಿನ ಎತ್ತರಕ್ಕೆ ಇಡಿಸಿದವನೂ ಇವನೇ. ೧೯೦೬ರ ಫೆಬ್ರವರಿ ೨೭ರಂದು ದಕ್ಷಿಣ ಕೆರೊಲೈನದ ಏಕನ್ ಎಂಬಲ್ಲಿ ತೀರಿಕೊಂಡನು.

ಅವನಿಗೆ ಗೌರವ ತರಲೆಂದು ಅವನ ಕಡೆಯವರು ಮುಂದೆ ಮಾಡಿದ ಕೆಲಸ ಅಷ್ಟು ಚೆನ್ನಾದುದಲ್ಲ. ೧೯೧೪ರಲ್ಲಿ ನದಿಯಿಂದ ಎತ್ತಿಟ್ಟಿದ್ದ ವಿಮಾನವನ್ನು ಗ್ಲೆನ್ ಕರ್ಟಿಸ್ ಎಂಬಾತನು ಬಹಳಷ್ಟು ಬದಲಾಯಿಸಿ, ನೀರಿನಿಂದ ಒಂದಷ್ಟು ಮೇಲೆಬ್ಬಿಸಿದನು. ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ಇದೇ ಎಂದು ಸ್ಮಿತ್ಸೋನಿಯನ್ ಸಂಸ್ಥೆ ಫಲಕ ಹಾಕಿತು. ಸಿಟ್ಟಾದ ಆರ್ವಿಲ್ ರೈಟನು ತನ್ನ ವಿಮಾನವನ್ನು ೧೯೨೮ರಲ್ಲಿ ಲಂಡನ್ನಿಗೆ ಕಳುಹಿಸಿಬಿಟ್ಟನು. ೧೯೪೨ರಲ್ಲಿ ಸಂಸ್ಥೆಯು ತಪ್ಪೊಪ್ಪಿಕೊಂಡ ಮೇಲೆ, ೧೯೪೮ರಲ್ಲಿ ಅದು ಅಮೆರಿಕಕ್ಕೆ ಮರಳಿ ಬಂದಿತು. ಅಷ್ಟರಲ್ಲಿ ಆರ್ವಿಲ್ಲನೂ ತೀರಿಕೊಂಡಿದ್ದನು.

ಕ್ವಾಂಟಿಕೋದಲ್ಲಿ ಹಾರಿದ ಐದನೆಯ ಮಾದರಿಯೂ ಅದೇ ಸಂಸ್ಥೆಯ ಸಂಗ್ರಹದಲ್ಲಿದೆ. ಅದರ ಚಿತ್ರವನ್ನು ನನ್ನ ಮೇಜಿನ ಎದುರಿಗೆ ಅಂಟಿಸಿಕೊಂಡಿದ್ದೇನೆ. ಎಂಟು ಅಡಿಯ ವಿಮಾನಕ್ಕೆ ಈಗ ಬೇರೆ ನಕ್ಷೆ ಬರೆಯುತ್ತಿದ್ದೇನೆ. ರೆಕ್ಕೆಯ ಬೆನ್ನೆಲುಬಿಗೆ ಬಾಲ್ಸಾ ಬೇಡ, ಗಟ್ಟಿ ಮರವನ್ನೇ ಹಾಕು ಎಂದು ಮಾವನವರು ಹೇಳಿದ್ದಾರೆ.